ಎಡಮಗ್ಗುಲಾಗಿ ಮಲಗ್ರಿ

ನಗಬಾರದ ಜಾಗದಲ್ಲೇ ನಗು ಬರುವುದು ನನ್ನ ಕಸುಬಿನ ದೊಡ್ಡ ತೊಂದರೆ. ನಾನು ದೊಡ್ಡ ಕರುಳಿನ ಡಾಕ್ಟರು. ಬೇರೆ ಡಾಕ್ಟರ ಮುಂದೆ ಮಂದಿ ನಾಲಿಗೆ ಚಾಚುತ್ತಾರೆ, ಮುಂಗೈ ಚಾಚುತ್ತಾರೆ. ನನ್ನ ಹತ್ತಿರ ಬಂದವರು ಮೊದಲು ಬಾಗಿಲಿಗೆ ಚಿಲಕ ಹಾಕಿದೆಯೇ ಎಂದು ನೋಡುತ್ತಾರೆ. ಆಮೇಲೆ ತಲೆನೋವು, ಕೆಮ್ಮು, ಎಮ್ಮೆ ಹಾಲು ಕಡಿಮೆ ಮಾಡಿದ್ದು ಎಲ್ಲವನ್ನೂ ಹೇಳಿ ಮುಗಿಸಿ, ಎದ್ದು ಹೋಗುವಾಗ ಹೊಸ್ತಿಲ ಹತ್ತಿರ ನಿಂತು, "ಮತ್ತ ಇನ್ನೊಂದ್ ಸಣ್ಣದು ಇತ್ರಿ" ಎನ್ನುತ್ತಾರೆ. ಆ ಸಣ್ಣದೇ ನನ್ನ ಅನ್ನ.

ಎಂಬತ್ತರ ದಶಕದ ಮಾತು. ಗದಗ-ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ದವಾಖಾನೆ. ಅಲ್ಲಿದ್ದ ದೊಡ್ಡ ಸಾಮಾನು ಎಂದರೆ ನೆಟ್ಟನೆಯ ಒಂದು ಉಕ್ಕಿನ ಕೊಳವೆ, ಅದರೊಳಗೆ ಜೋಳದ ಕಾಳಿನಷ್ಟು ಬಲ್ಬು. ಮಂದಿ ಅದನ್ನು ದುರ್ಬೀನು ಎನ್ನುತ್ತಿದ್ದರು. ಅದನ್ನು ಹಾಕಿ ನೋಡಬೇಕಾದರೆ ರೋಗಿ ಎಡಮಗ್ಗುಲಾಗಿ, ಮೊಣಕಾಲು ಎದೆಗೆ ಹಚ್ಚಿ, ನನಗೆ ಬೆನ್ನು ಮಾಡಿ ಮಲಗಬೇಕು. ಇಷ್ಟೇ. ನಾನು ಓದಿದ ಪುಸ್ತಕದಲ್ಲಿ ಇದಕ್ಕೆ ಒಂದೇ ಸಾಲು ಕೊಟ್ಟಿದ್ದರು. ಬರೆದವರು ನಮ್ಮ ಕಡೆಯ ಮಂದಿಯನ್ನು ಮಲಗಿಸಿ ನೋಡಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಆ ವರ್ಷ ನಾನು ಮುಖ್ಯವಾಗಿ ಮಲಗಿಸಬೇಕಾಗಿದ್ದವರು ನಮ್ಮ ಮನೆಯ ಮಾಲಕರು. ನಾನವರನ್ನು ಕಾಕಾ ಎನ್ನುತ್ತಿದ್ದೆ. ಕೆಳಗೆ ಅವರ ಕೈಮಗ್ಗಗಳು, ಮೇಲೆ ನನ್ನ ಬಾಡಿಗೆಮನೆ. ಕಾಕಾಗೆ ಮಲದಲ್ಲಿ ರಕ್ತ ಹೋಗುತ್ತಿತ್ತು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಅವರ ಹೆಂಡತಿ ನನ್ನ ಹೆಂಡತಿಗೆ ಹೇಳಿದರು, ನನ್ನ ಹೆಂಡತಿ ನನಗೆ ಹೇಳಿದಳು. ನಾನು ಕಾಕಾನನ್ನು ಒಂದು ಕಡೆ ಕರೆದು ಕೇಳಿದಾಗ ಅವರು ಮೊದಲು ಆಚೀಚೆ ನೋಡಿದರು.

"ಡಾಕ್ಟರ, ಮೂಲವ್ಯಾಧಿ ಅದು. ಮೂಲಂಗಿ ತಿಂದ್ರ ಹೋಗತೈತಿ."

"ಮೂಲವ್ಯಾಧಿನೋ ಗಂಟೋ ನೋಡಬೇಕು ಕಾಕಾ. ಗಂಟಿದ್ರ ತಡಾ ಮಾಡಿದಷ್ಟು ಕೆಟ್ಟದ್ದು."

"ನೋಡೋದೇನೂ ಬ್ಯಾಡ. ಮಗಳಿಗೆ ಹುಬ್ಬಳ್ಳಿ ಕಡೆ ಒಂದು ಸಂಬಂಧ ನಡದೈತಿ. ಹುಡುಗಿ ಅಪ್ಪಗ ದುರ್ಬೀನ ಹಾಕಿದ್ರಂತ ಅನ್ನೂ ಸುದ್ದಿ ಹುಬ್ಬಳ್ಳಿ ಮುಟ್ಟಿತಂದ್ರ ಮುಗೀತು. ಇನ್ನೂ ಮಾತು ಕೂಡಿಲ್ಲ. ಯಾರ ಮನಿ ಅಂತನೂ ನಾ ಬಾಯಿ ಬಿಟ್ಟಿಲ್ಲ."

ಒಂದು ಕಡೆ ಮಗಳ ಮದುವೆ, ಇನ್ನೊಂದು ಕಡೆ ಜೀವ. ಕಾಕಾ ಮದುವೆಯ ಪಕ್ಷ, ನಾನು ಜೀವದ ಪಕ್ಷ. ನಾನು ಸಿಟ್ಟಿನ ಮನುಷ್ಯ, ಬಿಡುವವನಲ್ಲ. ಆದರೆ ನಾನು ಕೇಳಿದಾಗಲೆಲ್ಲ ಕಾಕಾ ಒಂದೊಂದು ನೆಪ ತೆಗೆಯುತ್ತಿದ್ದರು, ಆ ನೆಪಗಳನ್ನು ಒದಗಿಸುತ್ತಿದ್ದವರು ನನ್ನ ರೋಗಿಗಳೇ.

ದಿಕ್ಕು

ನನ್ನ ತಪಾಸಣೆಯ ಕೋಣೆಯಲ್ಲಿ ಪಶ್ಚಿಮಕ್ಕೆ ಕಿಟಕಿ, ಪೂರ್ವಕ್ಕೆ ಬಾಗಿಲು. ಬೆಳಕು ನನ್ನ ಬೆನ್ನಿನಿಂದ ಬರಲಿ ಎಂದು ಕಿಟಕಿ ಕಡೆ ನನ್ನ ಸ್ಟೂಲು ಹಾಕಿ, ಮೇಜಿನ ದಿಂಬನ್ನು ಉತ್ತರಕ್ಕೆ ಇಟ್ಟಿದ್ದೆ. ಮೊದಲು ಬಂದವನು ಕುರ್ತಕೋಟಿಯ ರೈತ. ಒಳಗೆ ಬಂದವನೇ ಕಿಟಕಿ ನೋಡಿದ, ಬಿಸಿಲು ನೋಡಿದ, ದಿಂಬು ನೋಡಿದ.

"ಡಾಕ್ಟರ, ತಲಿ ಉತ್ತರಕ್ಕ ಬರತೈತಿ."

"ಬರಲಿ ಬಿಡು."

"ನಾ ಮನ್ಯಾಗ ಹೊರಸು ಉತ್ತರಕ್ಕ ಹಾಕಂಗಿಲ್ರಿ."

"ಇದು ಹೊರಸಲ್ಲಪಾ, ಮೇಜು."

"ಮಲಗಾವ ನಾನ ಅಲ್ಲೇನ್ರಿ?"

ಹೀಗೆಂದು ದಿಂಬನ್ನು ಎತ್ತಿ ದಕ್ಷಿಣದ ತುದಿಗೆ ಹಾಕಿಕೊಂಡು, ನಾನು ಹೇಳಿದಂತೆಯೇ ಎಡಮಗ್ಗುಲಾಗಿ, ಮೊಣಕಾಲು ಎದೆಗೆ ಹಚ್ಚಿ ಚೆಂದಾಗಿ ಮಲಗಿದ. ಅವನ ಬೆನ್ನು ಬಾಗಿಲ ಕಡೆ ಹೋಯಿತು. ನಾನು ಕಿಟಕಿ ಕಡೆ ಕೊಳವೆ ಹಿಡಿದುಕೊಂಡು ಅವನ ಮೀಸೆಯ ಮುಂದೆ ಕುಳಿತಿದ್ದೆ. ಅವನು ಕಣ್ಣು ಮುಚ್ಚಿಕೊಂಡು, "ಹೂಂ, ಈಗ ನೋಡ್ರಿ" ಎಂದ.

ಅವನ ಮಾತಿಗೇಕೆ ಅಡ್ಡಿ ಎಂದು ಮರುದಿನ ಮೇಜನ್ನು ಅಡ್ಡ ತಿರುಗಿಸಿ ದಿಂಬನ್ನು ಪೂರ್ವಕ್ಕೆ ಹಾಕಿದೆ. ಮೇಜಿನ ತುದಿ ಬಾಗಿಲಿಗೆ ಅರ್ಧ ಅಡ್ಡ ಬಂತು, ದಪ್ಪಗಿದ್ದವರು ಓರೆಯಾಗಿ ಒಳಗೆ ಬರಬೇಕಾಗಿತ್ತು. ಅವತ್ತೇ ಲಕ್ಷ್ಮೇಶ್ವರದ ಬಟ್ಟೆ ವ್ಯಾಪಾರಿಯೊಬ್ಬರು ಬಂದರು. ನಮ್ಮ ಕಂಪೌಂಡರ್ ಚಾಚಾನ ಊರಿನವರು, ಬಹಳ ಮರ್ಯಾದಸ್ಥರು. ಮೇಜಿನ ಮೇಲೆ ಕೂತರು, ಕಾಲು ಮಾತ್ರ ಚಾಚಲಿಲ್ಲ.

"ಯಾಕ್ರಿ?" ಎಂದೆ.

ಅವರು ಚಾಚಾನ ಮುಖ ನೋಡಿದರು. ಚಾಚಾ ನನ್ನ ಕಿವಿಯಲ್ಲಿ, "ಕಾಲು ಪಶ್ಚಿಮಕ್ಕ ಬರತಾವ್ರಿ ಸಾಹೇಬ್ರ. ಆ ದಿಕ್ಕಿಗೆ ನಾವು ನಮಾಜ್ ಮಾಡ್ತೀವಿ, ಕಾಲು ಚಾಚಂಗಿಲ್ಲ" ಎಂದ.

ಉತ್ತರಕ್ಕೆ ಇವರು ಒಲ್ಲರು, ಪೂರ್ವಕ್ಕೆ ಅವರು ಒಲ್ಲರು. ಇಬ್ಬರಿಗೂ ಒಪ್ಪುವಂತೆ ಕಡೆಗೆ ದಿಂಬು ದಕ್ಷಿಣಕ್ಕೆ ಬಂತು. ಎಡಮಗ್ಗುಲಾದರೆ ಮುಖ ತಾನಾಗಿ ಪಶ್ಚಿಮಕ್ಕೆ ಬರುತ್ತಿತ್ತು. ಲಕ್ಷ್ಮೇಶ್ವರದವರು ಸಂತೋಷದಿಂದ ಮಲಗಿ ಮನಸ್ಸಿನಲ್ಲೇ ಪ್ರಾರ್ಥನೆ ಶುರು ಮಾಡಿದರು. ನೋವಿದೆಯೇ ಎಂದು ನಾನು ಕೇಳಿದ್ದಕ್ಕೆ ಉತ್ತರವೇ ಇಲ್ಲ. ಚಾಚಾ, "ನಡುವ ಮಾತಾಡಬ್ಯಾಡ್ರಿ ಸಾಹೇಬ್ರ" ಎಂದು ನನಗೇ ಗದರಿದ.

ಸುಖವಿಲ್ಲದವನು ನಾನೊಬ್ಬನೇ. ಈಗ ಎಲ್ಲ ರೋಗಿಗಳ ಬೆನ್ನೂ ಬಾಗಿಲ ಕಡೆಗೆ. ಬಾಗಿಲಿಗೆ ಇದ್ದದ್ದು ಒಂದು ಪರದೆ, ಹೊರಗೆ ಪಡಸಾಲೆಯ ತುಂಬ ಮಂದಿ. ಮೇಲಾಗಿ ನಮ್ಮ ಗದಗಿನ ಗಾಳಿ. ಆಷಾಢದಲ್ಲಿ ಅದು ಕಿಟಕಿಯಿಂದ ಬಂದು ಬಾಗಿಲಿಂದ ಹೋಗುವಾಗ ಪರದೆಯನ್ನು ತೊಲೆಗೆ ಮುಟ್ಟಿಸುತ್ತಿತ್ತು. ಬಡಗಿಗೆ ಕದ ಮಾಡಲು ಹೇಳಿದೆ. ಅವನು ಬರುವ ತನಕ ಚಾಚಾ ತಾನೇ ಒಂದು ಉಪಾಯ ಮಾಡಿದ. ಪಡಸಾಲೆಯ ಬೆಂಚುಗಳನ್ನೆಲ್ಲ ತಿರುಗಿಸಿ ರಸ್ತೆಯ ಕಡೆ ಮುಖ ಮಾಡಿಸಿ ಮಂದಿಯನ್ನು ಕೂಡಿಸಿದ. ಅವತ್ತು ಹೊಸದಾಗಿ ಬಂದ ಮುದುಕಿಯೊಬ್ಬಳು ನನ್ನ ಕೋಣೆಗೆ ಬೆನ್ನು ಹಾಕಿ ಸಾಲಾಗಿ ಕೂತವರನ್ನು ನೋಡಿ, "ಯಾಕೋ ಯಪ್ಪಾ, ಎಲ್ಲಾರೂ ಡಾಕ್ಟರ ಮ್ಯಾಲ ಸಿಟ್ಟಾಗೀರೇನು?" ಎಂದಳು.

ಕಾಕಾಗೆ ಹೋಗಿ, "ದಿಂಬು ದಕ್ಷಿಣಕ್ಕೈತಿ, ಬರ್ರಿ" ಎಂದೆ. "ಕದಾ ಆಗಲಿ" ಎಂದರು. ಕದ ಆಗುವಷ್ಟರಲ್ಲಿ ಅವರ ಮುಖ ಬಿಳಿಚಿಕೊಂಡಿತ್ತು. ಮಗ್ಗದ ಕುಣಿಯಿಂದ ಎದ್ದು ಮೇಲೆ ಬರುವಾಗ ಗೋಡೆ ಹಿಡಿಯುತ್ತಿದ್ದರು.

ಬೆನ್ನು

ಮುಂಡರಗಿ ಕಡೆಯಿಂದ ಒಬ್ಬ ಹಿರಿಯರು ಬಂದರು. ರುಮಾಲು ಸುತ್ತಿದವರು, ಊರಿನಲ್ಲಿ ನ್ಯಾಯ ಹೇಳುವವರು. ಮಲಗುವ ತನಕ ಏನೂ ತಕರಾರಿಲ್ಲ. ನಾನು ಹಿಂದೆ ಸ್ಟೂಲಿನ ಮೇಲೆ ಕುಳಿತು, "ಎಷ್ಟು ದಿವಸಾತ್ರಿ ಯಜಮಾನ್ರ?" ಎಂದೆ. ಅವರು ತಟಕ್ಕನೆ ಈ ಕಡೆ ಹೊರಳಿ, ಅರ್ಧ ಎದ್ದು, ರುಮಾಲು ಸರಿಮಾಡಿಕೊಂಡು, "ದೀಪಾವಳಿಯಿಂದ್ರಿ" ಎಂದರು.

"ಆ ಕಡೆ ಹೊಳ್ರಿ."

ಹೊರಳಿದರು. ನಾನು ಕೊಳವೆಗೆ ಎಣ್ಣೆ ಹಚ್ಚಿ, "ನೋವು ಐತೇನ್ರಿ?" ಎಂದೆ. ಮತ್ತೆ ಈ ಕಡೆ ಹೊರಳಿ, "ಅಷ್ಟೇನಿಲ್ರಿ" ಎಂದರು.

"ಯಜಮಾನ್ರ, ಮಾತಾಡಿದಾಗೊಮ್ಮೆ ಹೊಳ್ಳಬ್ಯಾಡ್ರಿ."

"ಡಾಕ್ಟರ, ನೀವು ಓದಿದವರು, ದೊಡ್ಡವರು. ನಿಮಗ ಬೆನ್ನು ಮಾಡಿ ಮಾತು ಆಡೂದು ಹೆಂಗ್ರಿ? ನಮ್ಮ ಮನ್ಯಾಗ ಆ ಪದ್ಧತಿ ಇಲ್ಲ."

ಸರಿ, ಮಾತೇ ಬೇಡವೆಂದು ಸುಮ್ಮನೆ ಕೊಳವೆ ಒಳಗೆ ಬಿಟ್ಟೆ. ಸ್ವಲ್ಪ ಹೋಯಿತು. ಅಲ್ಲಿ ನೋವಾಗುತ್ತದೆ, ಕೇಳಲೇಬೇಕು. ನನ್ನ ಬಾಯಿಂದ "ಯಜಮಾನ್ರ" ಎಂಬ ಮಾತು ಹೊರಬೀಳುವುದೇ ತಡ, ಅವರು ಹೊರಳಿಯೇಬಿಟ್ಟರು. ಕೊಳವೆಯನ್ನು ಹೊರಗೆ ಎಳೆದುಕೊಳ್ಳುವಷ್ಟು ಪುರಸೊತ್ತು ಮಾತ್ರ ಸಿಕ್ಕಿತು.

ಆಗ ಒಂದು ಯುಕ್ತಿ ಮಾಡಿದೆ. ಚಾಚಾನನ್ನು ಅವರ ಮುಖದ ಕಡೆ, ಕಿಟಕಿಯ ಹತ್ತಿರ ನಿಲ್ಲಿಸಿದೆ. ನಾನು ಚಾಚಾನನ್ನು ಕೇಳುವುದು, ಚಾಚಾ ಅವರನ್ನು ಕೇಳುವುದು, ಅವರು ಚಾಚಾನಿಗೆ ಉತ್ತರ ಹೇಳುವುದು. ಎರಡು ಪ್ರಶ್ನೆ ಚೆಂದ ನಡೆಯಿತು. ಒಳಗೆ ಬರೀ ಮೂಲವ್ಯಾಧಿಯೇ ಇತ್ತು, ಕಾಣಿಸಿಯೂ ಕಾಣಿಸಿತು. ಇನ್ನೇನು ತೆಗೆಯಬೇಕು ಎನ್ನುವಾಗ ಹಿರಿಯರು ಚಾಚಾನ ಬಿಳಿ ಗಡ್ಡವನ್ನು ಈಗ ನೋಡಿದವರಂತೆ, "ಅಲ್ರಿ, ನೀವೂ ವಯಸ್ಸಿನ್ಯಾಗ ಹಿರಿಯರು ಕಾಣ್ತೀರಿ. ನೀವು ನಿಂತು, ನಾ ಮಲಗಿ ಮಾತಾಡೂದು ಚಲೋ ಕಾಣಂಗಿಲ್ಲ" ಎಂದು ಎದ್ದು ಕುಳಿತುಕೊಳ್ಳಲು ಹವಣಿಸಿದರು. ಚಾಚಾ ಬೇರೆ ದಾರಿ ಕಾಣದೆ ಅವರ ಮುಖಕ್ಕೆ ಮುಖ ಕೊಟ್ಟು ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತ.

ಈ ಕತೆಯನ್ನು ಕಾಕಾಗೆ ಹೇಳಿ ನಾನೇ ಕೆಟ್ಟೆ. "ಖರೆ ಐತಿ ಡಾಕ್ಟರ. ನಾಳಿ ಬಾಡಿಗಿ ಕೊಡಾಕ ಬಂದಾಗ ನೀವು ನನ್ನ ಮಾರಿ ನೋಡಬೇಕಲ್ಲ" ಎಂದರು. ನನಗೆ ಖರೆ ಖರೆ ಸಿಟ್ಟು ಬಂತು. "ನೀವು ಇರಬೇಕಲ್ರಿ ಕಾಕಾ, ಬಾಡಿಗಿ ಇಸಕೊಳ್ಳಾಕ!" ಎಂದುಬಿಟ್ಟೆ. ಅವರು ಮಗ್ಗದ ಕುಣಿಗೆ ಇಳಿದರು. ಅವತ್ತು ಮಧ್ಯಾಹ್ನವೆಲ್ಲ ಅವರ ಮಗ್ಗದ ಸದ್ದು ನಿಧಾನವಾಗಿ, ಬಿಟ್ಟು ಬಿಟ್ಟು ಕೇಳಿಸುತ್ತಿತ್ತು.

ಬೈಗುಳ

ಹಿರೇಹಂದಿಗೋಳದಿಂದ ಗಂಡ-ಹೆಂಡತಿ ಬಂದರು. ರೋಗಿ ಗಂಡ. ಆಳು ಗಟ್ಟಿಮುಟ್ಟಾಗಿದ್ದ, ಆದರೆ ಮೇಜು ಹತ್ತಿದ ಮೇಲೆ ಮರದ ದಿಮ್ಮಿಯಂತೆ ಅಂಗಾತ ಬಿದ್ದುಕೊಂಡ. ಹೊರಳು ಎಂದರೆ ಹೊರಳ. ಮೊಣಕಾಲು ಮಡಚು ಎಂದರೆ ಇನ್ನಷ್ಟು ನೆಟ್ಟಗೆ ಮಾಡುತ್ತಾನೆ. ಹೆದರಿದವರ ಮೈ ಹಾಗೆಯೇ, ಅವರ ಮಾತನ್ನು ಅವರೇ ಕೇಳುವುದಿಲ್ಲ. ಚಾಚಾ ಭುಜ ಹಿಡಿದ, ನಾನು ಸೊಂಟ ಹಿಡಿದೆ. ಇಬ್ಬರೂ ಬೆವೆತೆವು, ಅವನು ಅಲ್ಲಾಡಲಿಲ್ಲ.

ಹೆಂಡತಿ ಮೂಲೆಯಲ್ಲಿ ನಿಂತು ನೋಡುತ್ತಿದ್ದಳು. "ಏನು ಮಾಡಬೇಕ್ರಿ ಅವರು?" ಎಂದಳು.

"ಎಡಮಗ್ಗುಲಾಗಿ ಗ್ವಾಡಿ ಕಡೆ ಮಾರಿ ಮಾಡಿ, ಕಾಲು ಮಡಚಿ ಮಲಗಬೇಕವ್ವಾ."

"ಅಷ್ಟೇ? ಸರೀರಿ ನೀವು" ಎಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಶುರು ಮಾಡಿದಳು. "ನಿಮ್ಮ ತಂಗಿ ಮದಿವಿಗೆ ನನ್ನ ಬಂಗಾರದ ಪಾಟ್ಲಿ ಒತ್ತಿ ಇಟ್ಟಾಗ ಏನಂದಿದ್ರಿ? ಸುಗ್ಗಿಗೆ ಬಿಡಿಸಿ ಕೊಡ್ತೀನಿ ಅಂದಿದ್ದಿಲ್ಲ? ಎಷ್ಟು ಸುಗ್ಗಿ ಆದ್ವು? ನಮ್ಮಣ್ಣ ಬಂದಾಗ ಒಂದು ಹೋಳಗಿ ಮಾಡ್ತೀನಿ ಅಂದ್ರ ಬ್ಯಾಳಿ ಇಲ್ಲ ಅಂದ್ರಿ, ನಿಮ್ಮವ್ವ ಬಂದಾಗ ಬ್ಯಾಳಿ ಎಲ್ಲಿಂದ ಬಂದ್ವು?"

ದೇವರಾಣೆ, ನನ್ನ ಕಣ್ಣಿಂದ ನೋಡಿದ್ದು. ಅವನ ಕಣ್ಣು ಮುಚ್ಚಿದವು. ಒಂದು ನಿಟ್ಟುಸಿರು ಬಿಟ್ಟ. ಆಮೇಲೆ ಮೆಲ್ಲಗೆ, ತಾನಾಗಿ, ಎಡಮಗ್ಗುಲಿಗೆ ಹೊರಳಿ ಗೋಡೆಗೆ ಮುಖ ಮಾಡಿ, ಮೊಣಕಾಲುಗಳನ್ನು ಎದೆಗೆ ಹಚ್ಚಿಕೊಂಡು ಮುದ್ದೆಯಾದ. ಪುಸ್ತಕದಲ್ಲಿರುವ ಚಿತ್ರವೂ ಅಷ್ಟು ಸರಿಯಾಗಿರಲಿಲ್ಲ.

ಹೆಂಡತಿ ನನ್ನ ಕಡೆ ತಿರುಗಿ ಹಗೂರಕ್ಕೆ ಹೇಳಿದಳು. "ಮದಿವ್ಯಾದಾಗಿಂದ ಹಿಂಗ ರೀ. ನಾ ಬಾಯಿ ತೆಗದ್ರ ಸಾಕು, ಗ್ವಾಡಿ ಕಡೆ ಹೊಳ್ಳತಾರ."

ನಾನು ಕೊಳವೆ ತೆಗೆದುಕೊಂಡೆ. ಅವನು ಅಲುಗಾಡಲಿಲ್ಲ, ನರಳಲಿಲ್ಲ, ಪಾಪ ಕಿವಿಯನ್ನೂ ಮುಚ್ಚಿಕೊಂಡಿದ್ದ. ಅರ್ಧ ನೋಡುವಷ್ಟರಲ್ಲಿ ಅವಳು ಪಾಟ್ಲಿ ಮುಗಿಸಿ, ಬೇಳೆ ಮುಗಿಸಿ, ಅತ್ತೆಯನ್ನೂ ಮುಗಿಸಿ, ದಣಿದು ನನ್ನನ್ನು ಕೇಳಿದಳು. "ಇನ್ನ ಎಷ್ಟೊತ್ತು ಬೈಬೇಕ್ರಿ ಡಾಕ್ಟರ?"

ಇದು ನಮ್ಮ ಮನೆಯ ಅಡುಗೆಮನೆಗೆ ಮುಟ್ಟಿತು, ಅಲ್ಲಿಂದ ಕೆಳಗಿಳಿದು ಕಾಕಾನ ಹೆಂಡತಿಯನ್ನು ಮುಟ್ಟಿತು. ನಾವೆಲ್ಲ ಅವರನ್ನು ಕಾಕು ಎನ್ನುತ್ತಿದ್ದೆವು. ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿರದ ಹೆಂಗಸು. ಅವತ್ತು ಊಟಕ್ಕೆ ಕೂತ ಗಂಡನ ಮುಂದೆ ನಿಂತು, "ನಾಳಿ ದವಾಖಾನಿಗೆ ನೀವs ಹೋಗ್ತೀರೋ, ನಾನೂ ಜೋಡಿ ಬಂದು ಬಾಯಿ ತೆಗೀಲೋ?" ಎಂದು ಕೇಳಿ, ಕೇಳಿದ ಕೂಡಲೇ ಅಳತೊಡಗಿದರಂತೆ. ಮರುದಿನ ಬೆಳಿಗ್ಗೆ ಕಾಕಾ ಯಾರಿಗೂ ಕಾಣದಂತೆ ಹಿತ್ತಲ ದಾರಿಯಿಂದ ನನ್ನ ದವಾಖಾನೆಗೆ ಬಂದರು.

ಬಲಮಗ್ಗುಲು

ಕಾಕಾನನ್ನು ಮಲಗಿಸಿ ನೋಡಿದರೆ, ನನ್ನ ನೆಟ್ಟನೆಯ ಕೊಳವೆ ಮುಟ್ಟುವಷ್ಟು ದೂರ ಏನೂ ಇರಲಿಲ್ಲ. ರಕ್ತ ಅದಕ್ಕೂ ಮೇಲಿನಿಂದ ಬರುತ್ತಿತ್ತು. ಮೂಲವ್ಯಾಧಿ ಅಲ್ಲವೆಂದು ಆಗಲೇ ಗೊತ್ತಾಯಿತು. ಬಾಗುವಂಥ ಉದ್ದ ದುರ್ಬೀನು ಆಗತಾನೆ ಹುಬ್ಬಳ್ಳಿಗೆ ಬಂದಿತ್ತು. ಅದನ್ನು ಹಾಕುತ್ತಿದ್ದವನು ನನ್ನ ಜೊತೆಗೇ ಓದಿದ ಗೆಳೆಯ. ಭಾನುವಾರ ಅದನ್ನು ಕಾರಿನಲ್ಲಿಟ್ಟುಕೊಂಡು ಗದಗಿಗೆ ಬರುತ್ತೇನೆಂದ.

ಕಾಕಾ ಷರತ್ತು ಹಾಕಿದರು. "ಹುಬ್ಬಳ್ಳಿಯವರಂದ್ರ ಮುಗೀತು, ಸುದ್ದಿ ಎಲ್ಲಿಗೆ ಮುಟ್ಟತೈತೋ ಏನೋ. ನನ್ನ ಹೆಸರು ಹೇಳಬ್ಯಾಡ್ರಿ. ಮೊದಲ ನನ್ನ ಗ್ವಾಡಿ ಕಡೆ ಹೊಳ್ಳಿಸಿ ಇಡ್ರಿ, ಆಮ್ಯಾಲ ಅವರನ್ನ ಒಳಗ ಕರೀರಿ. ಅವರು ಹೋದ ಮ್ಯಾಲ ನಾ ಏಳ್ತೀನಿ."

ಹಾಗೆಯೇ ಮಾಡಿದೆ. ಕಿಟಕಿ ಮುಚ್ಚಿ, ಕಾಕಾನನ್ನು ಹೊರಳಿಸಿ, ಮುಖದ ಮೇಲೆ ಟವೆಲು ಹೊದಿಸಿ, ಆಮೇಲೆ ಗೆಳೆಯನನ್ನು ಕರೆದೆ. ಅವನು ಕೈಗವಸು ಹಾಕಿಕೊಂಡು, "ಹೆದರಬ್ಯಾಡ್ರಿ ಯಜಮಾನ್ರ" ಎಂದ. ಆ ದನಿ ಕೇಳಿದ್ದೇ ಕಾಕಾನ ಬೆನ್ನು ಸೆಟೆದುಕೊಂಡದ್ದು ನನಗೆ ಕಾಣಿಸಿತು. ಭಯ ಎಂದುಕೊಂಡೆ.

ಇಲ್ಲಿ ಕರುಳಿನ ಬಗ್ಗೆ ಒಂದು ಮಾತು ಹೇಳಬೇಕು. ದೊಡ್ಡ ಕರುಳು ಹೊಟ್ಟೆಯೊಳಗೆ ಬಾಗಿಲ ಚೌಕಟ್ಟಿನಂತೆ ಸುತ್ತಿಕೊಂಡಿರುತ್ತದೆ. ಎಡಪಕ್ಕೆಯ ಕೆಳಗೆ ಅದಕ್ಕೊಂದು ಇಕ್ಕಟ್ಟಿನ ತಿರುವು. ಎಡಮಗ್ಗುಲಲ್ಲೇ ಮಲಗಿದ್ದರೆ ಮುಂದಿನ ಭಾಗ ಜೋತುಬಿದ್ದು ಆ ತಿರುವು ಇನ್ನಷ್ಟು ಮಡಚಿಕೊಳ್ಳುತ್ತದೆ, ದುರ್ಬೀನು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬಲಮಗ್ಗುಲಿಗೆ ಹೊರಳಿಸಿದರೆ ತಿರುವು ತಾನಾಗಿ ಬಿಚ್ಚಿಕೊಂಡು ದಾರಿ ಕೊಡುತ್ತದೆ. ಕಾಕಾನ ದುರ್ಬೀನು ಸರಿಯಾಗಿ ಆ ತಿರುವಿನಲ್ಲಿ ನಿಂತಿತು.

"ಬಲಕ್ಕ ಹೊಳ್ಳಸ್ರಿ" ಎಂದ ಗೆಳೆಯ.

ಟವೆಲಿನ ಒಳಗಿಂದ, "ಬ್ಯಾಡ್ರಿ" ಎಂದು ಸಣ್ಣ ದನಿ ಬಂತು.

"ಯಜಮಾನ್ರ, ರಕ್ತ ಎಲ್ಲಿಂದ ಬರತೈತಿ ಅನ್ನೂದು ಇದರ ಆಚೆ ಐತಿ. ಹೊಳ್ಳದಿದ್ರ ಕಾಣಂಗಿಲ್ಲ."

"ಎಡಕ್ಕs ಇರ್ತೀನ್ರಿ. ಇಲ್ಲೆ ಆರಾಮ ಐತಿ."

ನಾನು ಕಾಕಾನ ಮುಖದ ಹತ್ತಿರ ಬಗ್ಗಿದೆ. ಅವರು ಟವೆಲಿನ ಅಂಚು ಎತ್ತಿ, ಕಣ್ಣಲ್ಲಿ ನೀರು ತುಂಬಿಕೊಂಡು ಪಿಸುಗುಟ್ಟಿದರು. "ಡಾಕ್ಟರ, ಇವರ್ರಿ! ಹುಡುಗನ ಅಣ್ಣ! ನೀವು ಊರಾಗ ಇಲ್ಲದಾಗ ಹುಡುಗಿ ನೋಡಾಕ ಬಂದು ನಮ್ಮ ಮನ್ಯಾಗ ಉಪ್ಪಿಟ್ಟು ತಿಂದು ಹೋಗ್ಯಾರ!"

ನಾನು ಕರೆಸಿದವನೇ ಬೀಗನಾಗಬೇಕೆ? ಆದರೆ ಜೀವದ ಪಕ್ಷ ಬಿಡಲಾರೆ. "ಕಾಕಾ, ಟವೆಲ್ಲು ಹಾಕ್ಕೊಂಡs ಹೊಳ್ರಿ" ಎಂದೆ. ಕಾಕಾ ಕಣ್ಣು ಮುಚ್ಚಿ, ಟವೆಲನ್ನು ಎರಡೂ ಕೈಯಲ್ಲಿ ಬಿಗಿಹಿಡಿದುಕೊಂಡು ಹೊರಳಿದರು. ಈಗ ಟವೆಲಿನ ಮುಖ ನೇರವಾಗಿ ಗೆಳೆಯನ ಮುಖದ ಮುಂದೆ. ಅವನು ಒಳ್ಳೆಯ ಡಾಕ್ಟರು, ರೋಗಿಯ ಬಗ್ಗೆ ಕಾಳಜಿ ಹೆಚ್ಚು. "ಅಯ್ಯ, ಉಸಿರು ಕಟ್ಟತೈತಿ, ತೆಗೀರಿ ಅದನ್ನ" ಎಂದ. ಚಾಚಾಗೆ ಒಳಗಿನ ಗುಟ್ಟು ಗೊತ್ತಿಲ್ಲ. ಪಟಕ್ಕನೆ ಎಳೆದು ತೆಗೆದ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಗೆಳೆಯ ಕೆಂಪಗಾದ. ಕಾಕಾ ಮಾತ್ರ ಮನೆತನಸ್ಥರು. ಮಲಗಿದಲ್ಲಿಂದಲೇ ಎರಡೂ ಕೈ ಜೋಡಿಸಿದರು.

"ನಮಸ್ಕಾರ್ರಿ. ಯಾವಾಗ ಬಂದ್ರಿ?"

"ಈಗ... ಜರಾ ಹೊತ್ತಾತ್ರಿ."

"ಮನ್ಯಾಗ ಎಲ್ಲಾರೂ ಆರಾಮ?"

"ಆರಾಮ್ರಿ. ನೀವು ಆರಾಮ?" ಎಂದ ಗೆಳೆಯ, ದುರ್ಬೀನು ಕೈಯಲ್ಲೇ ಇತ್ತು.

"ಆರಾಮ್ರಿ. ತಂದೆಯವರಿಗೆ ಕೇಳೀನಿ ಅಂತ ಹೇಳ್ರಿ" ಎಂದು ಹೇಳಿ ಕಾಕಾ ನನ್ನ ಕಡೆ ಮುಖ ತಿರುಗಿಸಿ ಗದರಿದರು. "ಡಾಕ್ಟರ, ಸುಮ್ನ ನಿಂತೀರಲ್ಲ, ಬೀಗರಿಗೆ ಚಾ ತರಸ್ರಿ!"

ಈ ಉಪಚಾರದ ನಡುವೆ ತಿರುವು ಬಿಚ್ಚಿಕೊಂಡು ದುರ್ಬೀನು ಸರಾಗವಾಗಿ ಮುಂದೆ ಹೋಗಿತ್ತು. ಗೆಳೆಯ ಕಣ್ಣಿಟ್ಟು ನೋಡಿ, ನನ್ನನ್ನೂ ನೋಡಲು ಕರೆದ. ತಿರುವಿನ ಸ್ವಲ್ಪ ಆಚೆ ದೇಟಿನ ಮೇಲೆ ನಿಂತ ಒಂದು ಸಣ್ಣ ಗಂಟು, ದ್ರಾಕ್ಷಿಯಷ್ಟು. ಅದೇ ರಕ್ತ ಸುರಿಸುತ್ತಿತ್ತು. ಬಿಟ್ಟಿದ್ದರೆ ಮುಂದೆ ಏನಾಗುತ್ತಿತ್ತೋ ಹೇಳಲಾರೆ. ಮುಂದಿನ ವಾರ ಹುಬ್ಬಳ್ಳಿಗೆ ಬಂದರೆ ತಂತಿಯ ಕುಣಿಕೆ ಹಾಕಿ ತೆಗೆಯಬಹುದೆಂದ. ನನಗೆ ಅಳು ಬರುವಷ್ಟು ಸಂತೋಷವಾಯಿತು. ಕಾಕಾಗೆ ಮಾತ್ರ ಗಂಟಿನ ಚಿಂತೆಯೇ ಇಲ್ಲ. ಗೆಳೆಯ ಹೋದ ಮೇಲೆ ಎದ್ದು ಕುಳಿತು, "ಚಾ ಆರಿತ್ತು ಅನ್ನಸ್ತೈತಿ. ಅರ್ಧಾ ಬಿಟ್ಟು ಹೋದರು" ಎಂದು ಕೊರಗಿದರು.

ಮಾತುಕತೆ

ಹುಬ್ಬಳ್ಳಿಯಲ್ಲಿ ಗಂಟು ತೆಗೆದರು. ಪರೀಕ್ಷೆಗೆ ಕಳಿಸಿದ್ದರಲ್ಲಿ ಕೆಟ್ಟದ್ದೇನೂ ಇಲ್ಲವೆಂದು ಬಂತು. ನನ್ನ ಗೆಳೆಯ ಬಾಯಿ ಬಿಗಿ ಇರುವವನು, ಮನೆಯಲ್ಲಿ ಒಂದಕ್ಷರ ಹೇಳಿರಲಿಲ್ಲ. ಕಾಕಾ ಮಾತ್ರ ಹೇಳಿಯೇ ಇರುತ್ತಾನೆಂದು ತಿಳಿದರು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ತಾನೇ ಹೇಳುವುದು ಮರ್ಯಾದೆ ಎಂದು, ನೆಟ್ಟಗೆ ಹುಡುಗನ ತಂದೆಯ ಮನೆಗೆ ಹೋಗಿ ರಕ್ತ, ದುರ್ಬೀನು, ಗಂಟು ಎಲ್ಲವನ್ನೂ ಒಪ್ಪಿಸಿ, "ಇನ್ನ ಸಂಬಂಧ ಬ್ಯಾಡಂದ್ರ ನನಗ ಬ್ಯಾಸರಿಲ್ರಿ" ಎಂದು ಕೈ ಮುಗಿದರಂತೆ.

ಹುಡುಗನ ತಂದೆ ಗಂಭೀರ ಮನುಷ್ಯ. ಮಾತುಕತೆಯಲ್ಲಿ ಒಂದು ಹೆಜ್ಜೆ ಹಿಂದೆ ಸರಿದವರಲ್ಲ. ಅವರು ಎಲ್ಲ ಕೇಳಿ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದು ಹತ್ತಿರ ಕುಳಿತರು.

"ಬಾಳ ನೋವಾತೇನ್ರಿ?" ಎಂದರು.

"ಇಲ್ರಿ."

"ನನಗೂ ರಕ್ತ ಹೋಗತೈತ್ರಿ. ಯಾರಿಗೂ ಹೇಳಿಲ್ಲ."

"ಮನ್ಯಾಗ ಡಾಕ್ಟರ ಮಗನ್ನ ಇಟ್ಕೊಂಡು?"

"ಅದs ತ್ರಾಸು ನೋಡ್ರಿ. ಮಗನ ಮುಂದ ಹೆಂಗ ಮಲಗೂದು?"

ಹೀಗಾಗಿ ಒಂದು ದಿನ ಕಾಕಾ ಹೊಸ ಬೀಗರನ್ನು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಗುಟ್ಟಾಗಿ ಕರೆದುಕೊಂಡು ನನ್ನ ದವಾಖಾನೆಗೆ ಬಂದರು. ಈಗ ಕಾಕಾ ಅನುಭವಸ್ಥರು. ಚಾಚಾನನ್ನೂ ನನ್ನನ್ನೂ ಸರಿಸಿ ತಾವೇ ಮಲಗಿಸಿದರು. "ಇಲ್ಲೆ ತಲಿ. ಎಡಮಗ್ಗುಲಾಗ್ರಿ ಬೀಗರ. ಮೊಣಕಾಲು ಇನ್ನಟು ಮ್ಯಾಲ. ಹಾಂ. ಉಸಿರು ಹಗೂರ ಬಿಡ್ರಿ." ಬಳಿಕ ಕಿಟಕಿಯ ಕಡೆ ಹೋಗಿ ಅವರ ಮುಖದ ಮುಂದೆ ಸ್ಟೂಲು ಹಾಕಿಕೊಂಡು ಕುಳಿತು ಕೈ ಹಿಡಿದುಕೊಂಡರು. ನಾನು ಹಿಂದಿನಿಂದ ಕೊಳವೆ ಬಿಟ್ಟೆ. ಇದ್ದದ್ದು ಬರೀ ಮೂಲವ್ಯಾಧಿ, ಕಣ್ಣಿಗೆ ಕೂಡಲೇ ಬಿತ್ತು. ಇನ್ನೇನು ಕೊಳವೆ ಹೊರಗೆ ತೆಗೆಯಬೇಕು.

ಆಗ ಕಾಕಾ ಬಹಳ ಮೆತ್ತಗೆ ಮಾತು ತೆಗೆದರು. "ಬೀಗರ, ಹೆಂಗೂ ಕೂಡೀವಿ. ಹುಡುಗೀದು ಬಿ.ಎ. ಪರೀಕ್ಷಾ ಮುಗೀಲಿ, ಆಮ್ಯಾಲ ಮದಿವಿ ಅಂತ ನಾವು ಕೇಳಿದ್ವಿ. ನೀವು ಆಗಂಗಿಲ್ಲ ಅಂದಿದ್ರಿ."

"ಪರೀಕ್ಷಾ ಮುಗೀಲ್ರಿ... ಮುಗೀಲಿ."

"ಮದಿವಿ ಹುಬ್ಬಳ್ಯಾಗs ಆಗಬೇಕು ಅಂತಿದ್ರಿ."

"ಬೆಟಗೇರ್ಯಾಗ ಆಗ್ಲಿ. ಎಲ್ಲಿ ಬೇಕಾದ್ರೂ ಆಗ್ಲಿ. ಡಾಕ್ಟರ, ಆತೇನ್ರಿ?"

ನಾನು "ಆತ್ರಿ" ಎನ್ನಲು ಬಾಯಿ ತೆರೆದೆ. ಕಾಕಾ ಬೀಗರ ತಲೆಯ ಮೇಲಿಂದ ನನ್ನ ಕಡೆ ನೋಡಿ ಬೆರಳು ಎತ್ತಿದರು. ನಲವತ್ತು ವರ್ಷ ಮಗ್ಗ ನಡೆಸಿದ ಕೈ ಅದು. ನಾನು ಇದ್ದಲ್ಲೇ ಇದ್ದೆ.

"ದಿಬ್ಬಣಕ್ಕ ಎರಡು ಬಸ್ ಮಂದಿ ತರ್ತೀನಂದಿದ್ರಿ."

"ಒಂದs ಬಸ್ಸು! ಒಂದs!"

"ಮದಿವಿ ಆದ ಮ್ಯಾಲ ಹುಡುಗಿ ಸಾಲಿ ಕಲಸಾಕ ಹೋಗ್ತೀನಿ ಅಂತಾಳ."

"ಕಲಸ್ಲಿ! ಬೇಕಾದ್ರ ಹೆಡ್‌ಮಾಸ್ತರ ಆಗ್ಲಿ!"

ಕಾಕಾ ಬೆರಳು ಇಳಿಸಿದರು. ನಾನು ಕೊಳವೆ ತೆಗೆದೆ. ಬೀಗರು ಎದ್ದು ಕುಳಿತು, ಧೋತರದ ಕಚ್ಚೆ ಬಿಗಿದುಕೊಂಡು, ಕಾಕಾನನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. ಸಿಟ್ಟಾದರೇನೋ ಎಂದು ನನಗೆ ಹೆದರಿಕೆಯಾಯಿತು. ಆದರೆ ಮೂಲವ್ಯಾಧಿ ಬಿಟ್ಟು ಬೇರೇನೂ ಇಲ್ಲ ಎಂದು ನಾನು ಹೇಳಿದ ಕೂಡಲೇ ಅವರ ಮುಖ ಅರಳಿತು. ಕಾಕಾನ ಕೈ ಹಿಡಿದುಕೊಂಡರು. ಮದುವೆ ಅಲ್ಲೇ ಗಟ್ಟಿಯಾಯಿತು. ಹೊರಡುವಾಗ ಬೀಗರು ನನ್ನನ್ನು ಒಂದು ಕಡೆ ಕರೆದು, ದನಿ ತಗ್ಗಿಸಿ ಹೇಳಿದರು.

"ಡಾಕ್ಟರ, ನಮ್ಮ ಕಿರೀ ಮಗನ ಮದಿವಿ ಇನ್ನೂ ಆಗಬೇಕೈತಿ. ಆ ಹುಡುಗಿ ಕಡೆಯವರಿಗೆ ನಿಮ್ಮ ದವಾಖಾನಿ ಎಲ್ಲಿ ಐತಿ ಅಂತ ದಯಮಾಡಿ ಹೇಳಬ್ಯಾಡ್ರಿ."